ಹಳೆಯ ಬಿಡಿಭಾಗಗಳಿಂದ ಜಾವಾ, ಯೆಜ್ಡಿ ಬೈಕ್ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆ ಆರಂಭಿಸಿ 1996ರಲ್ಲಿ ಮುಚ್ಚಿತು. ಈ ಅವಧಿಯಲ್ಲಿ ಅಲ್ಲಿಂದ ಮೊದಲು ಜಾವಾ, ನಂತರ ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬಂದ ಬೈಕುಗಳ ಬಿಡಿಭಾಗಗಳು ಕರ್ನಾಟಕದ ಗುಜರಿಗಳಲ್ಲಿ, ಹಳೆಯ ಗ್ಯಾರೇಜುಗಳ ಅಟ್ಟದ ಮೇಲೆ, ಮನೆಗಳ ಹಿತ್ತಿಲಿನ ಶೆಡ್ಡುಗಳಲ್ಲಿ ಇಂದಿಗೂ ಸಿಗುತ್ತಿವೆ. ಅವುಗಳನ್ನು ಒಂದೊಂದಾಗಿ ಕೂಡಿಸಿ ತಮ್ಮದೇ ಆದ ಒಂದು ಬೈಕ್ ಕಟ್ಟಬೇಕೆಂದು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಬೇರೆ ಬೇರೆ ಬೈಕುಗಳ ಭಾಗಗಳನ್ನು ಸೇರಿಸಿ ಕಟ್ಟಿದ ಜಾವಾ ನಿಜವಾಗಿಯೂ ರಸ್ತೆಯ ಮೇಲೆ ನಂಬಿಕೆಯಿಂದ ಓಡುತ್ತದೆಯೇ?

ಓಡುತ್ತದೆ. ಜಾವಾ 250 ಎರಡು ಸ್ಟ್ರೋಕಿನ, ಒಂದೇ ಸಿಲಿಂಡರಿನ ಸರಳ ಎಂಜಿನ್. ಅದರಲ್ಲಿ ವಾಲ್ವ್, ಕ್ಯಾಮ್, ಟ್ಯಾಪೆಟ್ ಯಾವುದೂ ಇಲ್ಲ. 65 ಮಿ.ಮೀ. ಬೋರ್ (ಸಿಲಿಂಡರಿನ ಒಳವ್ಯಾಸ) ಮತ್ತು 75 ಮಿ.ಮೀ. ಸ್ಟ್ರೋಕಿನ (ಪಿಸ್ಟನ್ ಚಲಿಸುವ ದೂರ) ಈ ಎಂಜಿನ್ನಿನೊಳಗೆ ಚಲಿಸುವ ಭಾಗಗಳು ಕೆಲವೇ ಕೆಲವು, ಮತ್ತು ಪ್ರತಿಯೊಂದನ್ನೂ ಅಳತೆ ಮಾಡಿ ಪರೀಕ್ಷಿಸಬಹುದು. ಆದರೆ ಸರಳ ಎಂಜಿನ್ ಎಂದರೆ ಹೇಗೆ ಜೋಡಿಸಿದರೂ ನಡೆಯುವ ಎಂಜಿನ್ ಎಂದಲ್ಲ. ಕೆಳಗಿನ ಉತ್ತರಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಚಾಸಿ, ದಾಖಲೆ, ಎಂಜಿನ್ನಿನ ಕೆಳಭಾಗ ಈ ಮೂರರಲ್ಲಿ ಯಾವ ರಾಜಿಯೂ ಕೂಡದು. ಅವು ಸರಿಯಾಗಿದ್ದರೆ ಉಳಿದದ್ದರಲ್ಲಿ ನಿಮ್ಮ ಅಭಿರುಚಿಗೆ ಬೇಕಾದಷ್ಟು ಅವಕಾಶವಿದೆ.

ಮೊದಲು ಏನನ್ನು ಕೊಳ್ಳಬೇಕು? ನನಗೆ ಒಂದು ಒಳ್ಳೆಯ ಟ್ಯಾಂಕ್ ಮತ್ತು ಎರಡು ಸೈಲೆನ್ಸರ್ ಸಿಕ್ಕಿವೆ.

ಟ್ಯಾಂಕ್ ಇರಲಿ, ಜೋಪಾನವಾಗಿ ಎತ್ತಿಡಿ. ಆದರೆ ಮುಂದೆ ಹಣ ಹಾಕುವ ಮೊದಲು ದಾಖಲೆ ಇರುವ ಚಾಸಿಯನ್ನು ಹುಡುಕಿ. ಕಾನೂನಿನ ದೃಷ್ಟಿಯಲ್ಲಿ ಬೈಕ್ ಎಂದರೆ ಆರ್‌ಸಿಯಲ್ಲಿ ಬರೆದಿರುವ ಚಾಸಿ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆ. ಆ ಎರಡು ಸಂಖ್ಯೆಗಳಿಲ್ಲದೆ ನೀವು ಕಟ್ಟಿದ್ದು ಎಷ್ಟೇ ಸುಂದರವಾಗಿದ್ದರೂ ಮನೆಯ ಗೇಟು ದಾಟಲಾರದು.

ಚಾಸಿ ನೋಡಲು ಹೋದಾಗ ಸಂಖ್ಯೆ ಇರುವ ಜಾಗದ ಬಣ್ಣ ಮತ್ತು ತುಕ್ಕನ್ನು ನಯವಾದ ಎಮೆರಿ ಪೇಪರಿನಿಂದ ಹಗುರವಾಗಿ ತೆಗೆದು, ಅಂಕಿಗಳನ್ನು ಓರೆ ಬೆಳಕಿನಲ್ಲಿ ನೋಡಿ. ಕಾರ್ಖಾನೆಯಲ್ಲಿ ಒತ್ತಿದ ಅಂಕಿಗಳ ಆಳ ಮತ್ತು ಸಾಲು ಒಂದೇ ತೆರನಾಗಿರುತ್ತವೆ. ಗ್ರೈಂಡರಿನ ಗೀರುಗಳು, ಸುತ್ತಲಿನ ಲೋಹಕ್ಕಿಂತ ತಗ್ಗಾಗಿರುವ ಮೇಲ್ಮೈ, ವೆಲ್ಡಿಂಗ್ ತುಂಬಿ ಉಜ್ಜಿದ ಗುರುತು ಇವುಗಳಲ್ಲಿ ಯಾವುದು ಕಂಡರೂ ಅಲ್ಲಿಂದ ಹೊರಟುಬಿಡಿ. ಸಂಖ್ಯೆ ಸರಿಯಾಗಿದ್ದರೆ ಮಾರುವವರ ಬಳಿ ಇರುವ ಆರ್‌ಸಿಯೊಂದಿಗೆ ಹೋಲಿಸಿ, ಆ ನೋಂದಣಿ ಇನ್ನೂ ಜೀವಂತವಾಗಿದೆಯೇ, ತೆರಿಗೆ ಬಾಕಿ ಅಥವಾ ಸಾಲದ ನಮೂದು ಇದೆಯೇ ಎಂಬುದನ್ನು ಸಂಬಂಧಪಟ್ಟ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಎಷ್ಟೋ ಹಳೆಯ ಬೈಕುಗಳ ವಿವರ ಕಾಗದದ ರಿಜಿಸ್ಟರಿನಲ್ಲಿ ಮಾತ್ರ ಇದ್ದು, ಕಂಪ್ಯೂಟರಿಗೆ ಏರಿರುವುದಿಲ್ಲ. ಅದನ್ನು ಏರಿಸುವ ಕೆಲಸ ಮುಗಿದ ಮೇಲೆಯೇ ಪೂರ್ತಿ ಹಣ ಕೊಡುವ ಮಾತನಾಡುವುದು ಒಳ್ಳೆಯದು. ಮಾಲೀಕತ್ವದ ವರ್ಗಾವಣೆಗೆ ನಮೂನೆ 29 ಮತ್ತು 30, ಬೇರೆ ನೋಂದಣಿ ವ್ಯಾಪ್ತಿಯ ಬೈಕಾದರೆ ನಮೂನೆ 28ರ ನಿರಾಕ್ಷೇಪಣಾ ಪತ್ರ ಬೇಕಾಗುತ್ತದೆ.

ದಾಖಲೆಯಿಲ್ಲದ ಚಾಸಿ ಅಗ್ಗಕ್ಕೆ ಸಿಕ್ಕಿದೆ. ಬೇರೊಂದು ಬೈಕಿನ ಆರ್‌ಸಿಯ ಸಂಖ್ಯೆಯನ್ನು ಅದರ ಮೇಲೆ ಒತ್ತಿಸಬಹುದೇ?

ಕೂಡದು. ಅದು ಅಪರಾಧ. ಅಂಥ ಚಾಸಿಯನ್ನು ಗೋಡೆಗೆ ಒರಗಿಸಿ ಭಾಗಗಳ ಜೋಡಣೆ ಕಲಿಯಲು ಬಳಸಿ, ಇಲ್ಲವೇ ಅದರ ಬ್ರಾಕೆಟ್ಟು, ಸ್ಟ್ಯಾಂಡು, ಬೋಲ್ಟುಗಳನ್ನು ತೆಗೆದುಕೊಳ್ಳಿ.

50 ವರ್ಷ ದಾಟಿದ ಜಾವಾಕ್ಕೆ ವಿಂಟೇಜ್ ನಂಬರ್ ಪ್ಲೇಟ್ ಸಿಗುತ್ತದೆಯಂತೆ. ಬಿಡಿಭಾಗಗಳಿಂದ ಕಟ್ಟಿದ ಬೈಕಿಗೂ ಸಿಗುತ್ತದೆಯೇ?

ಈ ವಿಷಯದಲ್ಲಿ ಬಹಳ ಮಂದಿ ತಪ್ಪು ನಿರೀಕ್ಷೆ ಇಟ್ಟುಕೊಳ್ಳುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈನಲ್ಲಿ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ಎರಡು ಮತ್ತು ನಾಲ್ಕು ಚಕ್ರದ ಖಾಸಗಿ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಆಗ ನೋಂದಣಿ ಸಂಖ್ಯೆಯಲ್ಲಿ ರಾಜ್ಯದ ಸಂಕೇತದ ನಂತರ ‘ವಿಎ’ ಎಂಬ ಅಕ್ಷರಗಳು ಬರುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕವಿದ್ದು, ಪ್ರಮಾಣಪತ್ರಕ್ಕೆ 10 ವರ್ಷಗಳ ಮಾನ್ಯತೆ ಇರುತ್ತದೆ. ಆದರೆ ವಾಹನ ತನ್ನ ಮೂಲ ರೂಪದಲ್ಲಿಯೇ ಇರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬುದು ಅದೇ ನಿಯಮದ ಷರತ್ತು. ವಿಂಟೇಜ್ ನೋಂದಣಿಯ ವಾಹನವನ್ನು ದಿನನಿತ್ಯದ ಓಡಾಟಕ್ಕೂ ಬಳಸುವಂತಿಲ್ಲ.

ಆದ್ದರಿಂದ ನಿಮ್ಮ ಗುರಿ ಏನೆಂಬುದನ್ನು ಮೊದಲೇ ತೀರ್ಮಾನಿಸಬೇಕು. 1960ರ ದಶಕದ ಜಾವಾವನ್ನು ಅದೇ ಮಾದರಿಯ ಭಾಗಗಳಿಂದ ಮೂಲರೂಪಕ್ಕೆ ತರುವುದು ಒಂದು ದಾರಿ. ನಿಮಗೆ ಬೇಕಾದಂತೆ ಸೀಟು, ಹ್ಯಾಂಡಲ್, ಮಡ್‌ಗಾರ್ಡ್ ಬದಲಿಸಿ ಸಾಮಾನ್ಯ ಆರ್‌ಸಿಯಲ್ಲಿಯೇ ಓಡಿಸುವುದು ಇನ್ನೊಂದು ದಾರಿ. ಎರಡನ್ನೂ ಒಂದೇ ಬೈಕಿನಲ್ಲಿ ಸಾಧಿಸಲಾಗದು. ನನ್ನನ್ನು ಕೇಳಿದರೆ, ಸಂಖ್ಯೆಗಳು ಹೊಂದುವ, ಬಹುಪಾಲು ಪೂರ್ತಿಯಾಗಿರುವ ಹಳೆಯ ಜಾವಾ ಕೈಗೆ ಸಿಕ್ಕಾಗ ಅದನ್ನು ಮೂಲದಂತೆಯೇ ಉಳಿಸಬೇಕು. ಸ್ವಂತ ವಿನ್ಯಾಸದ ಪ್ರಯೋಗಗಳಿಗೆ, ಹೆಚ್ಚು ಸಂಖ್ಯೆಯಲ್ಲಿ ಉಳಿದಿರುವ 1980ರ ದಶಕದ ಯೆಜ್ಡಿಗಳನ್ನು ಆರಿಸಿಕೊಳ್ಳುವುದೇ ನ್ಯಾಯ.

ಹಾಗಾದರೆ ಕಾನೂನಿನ ಪ್ರಕಾರ ಏನನ್ನೆಲ್ಲ ಬದಲಿಸಬಹುದು?

ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್ ಪ್ರಕಾರ, ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಆರ್‌ಸಿಯ ವಿವರಗಳು ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಬಳಿಕ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶವಿದೆ.

ಚಾಸಿಯನ್ನು ಕತ್ತರಿಸುವುದು, ಉದ್ದ ಮಾಡುವುದು, ಬೇರೆ ಸಾಮರ್ಥ್ಯದ ಎಂಜಿನ್ ಕೂರಿಸುವುದು ಈ ನಿಷೇಧದೊಳಗೆ ನೇರವಾಗಿ ಬರುತ್ತವೆ. ಅದೇ ತಯಾರಿಕೆಯ, ಅದೇ ಮಾದರಿಯ ಬದಲಿ ಎಂಜಿನ್ ಹಾಕುವುದಾದರೆ ಖರೀದಿಯ ದಾಖಲೆಯೊಂದಿಗೆ ನೋಂದಣಿ ಪ್ರಾಧಿಕಾರದ ಅನುಮತಿ ಪಡೆದು ಹೊಸ ಸಂಖ್ಯೆಯನ್ನು ಆರ್‌ಸಿಯಲ್ಲಿ ನಮೂದು ಮಾಡಿಸಬೇಕು. ಬಣ್ಣವೂ ಆರ್‌ಸಿಯಲ್ಲಿರುವ ವಿವರವಾದ್ದರಿಂದ ಅದನ್ನು ಬದಲಿಸಿದರೂ ತಿಳಿಸಬೇಕು. ಬೋಲ್ಟ್ ಬಿಚ್ಚಿ ಮತ್ತೆ ಮೂಲದ್ದನ್ನೇ ಕೂರಿಸಬಹುದಾದ ಬದಲಾವಣೆಗಳಿಗಷ್ಟೇ ನಿಮ್ಮ ಕೈಚಳಕವನ್ನು ಸೀಮಿತಗೊಳಿಸಿಕೊಂಡರೆ ಬೈಕಿಗೂ ಹಾನಿಯಿಲ್ಲ, ಮುಂದೊಂದು ದಿನ ಅದನ್ನು ಕೊಳ್ಳುವವರಿಗೂ ನಷ್ಟವಿಲ್ಲ.

ಬಿಡಿಭಾಗಗಳು ಎಲ್ಲಿ ಸಿಗುತ್ತವೆ?

ಬೆಂಗಳೂರಿನಲ್ಲಿ ಶಿವಾಜಿನಗರದ ಗುಜರಿ ಮತ್ತು ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳು, ರಾಜ್ಯದ ಹೊರಗೆ ಚೆನ್ನೈನ ಪುದುಪೇಟೆ, ಮುಂಬೈನ ಕುರ್ಲಾ, ದೆಹಲಿಯ ಕರೋಲ್ ಬಾಗ್ ಎಲ್ಲರಿಗೂ ಗೊತ್ತಿರುವ ಜಾಗಗಳು. ಆದರೆ ಒಳ್ಳೆಯ ಭಾಗಗಳು ಹೆಚ್ಚಾಗಿ ಸಿಗುವುದು ಮೈಸೂರು, ಮಂಡ್ಯ, ಹಾಸನ, ಚಿಕ್ಕಮಗಳೂರಿನಂಥ ಊರುಗಳ ಹಿರಿಯ ಮೆಕ್ಯಾನಿಕ್‌ಗಳ ಬಳಿ. ಅವರಲ್ಲಿ ಹಲವರು ಕಾರ್ಖಾನೆ ನಡೆಯುತ್ತಿದ್ದ ಕಾಲದಿಂದಲೂ ಈ ಬೈಕುಗಳನ್ನೇ ಬಿಚ್ಚಿ ಕಟ್ಟಿದವರು. ಅಂಗಡಿಯ ಮೂಲೆಯ ಡಬ್ಬದಲ್ಲಿ ಗ್ರೀಸ್ ಹಚ್ಚಿದ ಕಾಗದದಲ್ಲಿ ಸುತ್ತಿಟ್ಟ ಗೇರು, ಪೊಟ್ಟಣ ಒಡೆಯದ ಪಿಸ್ಟನ್ ಇವರ ಬಳಿ ಇರುತ್ತವೆ. ಚೌಕಾಸಿ ಮಾಡುವುದಕ್ಕಿಂತ ನಿಮ್ಮ ಕೆಲಸವನ್ನು ತೋರಿಸಿ ವಿಶ್ವಾಸ ಗಳಿಸಿದರೆ ಹೆಚ್ಚಿನದು ದೊರೆಯುತ್ತದೆ.

ಜಾವಾದ ತವರಾದ ಚೆಕ್ ಗಣರಾಜ್ಯದಲ್ಲಿ ಹಳೆಯ ಮಾದರಿಗಳ ಭಾಗಗಳನ್ನು ಈಗಲೂ ಹೊಸದಾಗಿ ತಯಾರಿಸುತ್ತಾರೆ. ಮೈಸೂರಿನ ಮೊದಲ ಜಾವಾ 250 ಅಲ್ಲಿನ 353 ಮಾದರಿಯ ಒಡಹುಟ್ಟಾದ್ದರಿಂದ ಅನೇಕ ಭಾಗಗಳು ಹೊಂದುತ್ತವೆ. ಆದರೆ ನಂತರ ಭಾರತದಲ್ಲಿ ಆದ ಬದಲಾವಣೆಗಳಿಂದಾಗಿ ಎಲ್ಲವೂ ಹೊಂದುವುದಿಲ್ಲ. ತರಿಸುವ ಮುನ್ನ ಅಳತೆಗಳನ್ನು ವರ್ನಿಯರ್ ಹಿಡಿದು ಹೋಲಿಸಿ. ಸುಂಕ ಮತ್ತು ಸಾಗಣೆ ಸೇರಿದರೆ ಬೆಲೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನೂ ಲೆಕ್ಕ ಹಾಕಿಕೊಳ್ಳಿ.

2018ರಲ್ಲಿ ಮತ್ತೆ ಬಂದ ಹೊಸ ಜಾವಾದ ಭಾಗಗಳು ಹಳೆಯದಕ್ಕೆ ಹೊಂದುತ್ತವೆಯೇ?

ಇಲ್ಲ. ಹೊಸವು ನೀರಿನಿಂದ ತಂಪಾಗುವ ನಾಲ್ಕು ಸ್ಟ್ರೋಕಿನ ಎಂಜಿನ್ನುಗಳು. ಹೆಸರೊಂದೇ, ಯಂತ್ರ ಬೇರೆ.

ಎಂಜಿನ್ನಿನ ಕ್ರ್ಯಾಂಕ್‌ಕೇಸಿನ ಬಲ ಹೋಳು ಒಂದು ಕಡೆ, ಎಡ ಹೋಳು ಇನ್ನೊಂದು ಕಡೆ ಸಿಕ್ಕಿದೆ. ಸೇರಿಸಬಹುದೇ?

ಸೇರಿಸಬೇಡಿ. ಬಿಡಿಭಾಗಗಳಿಂದ ಬೈಕ್ ಕಟ್ಟುವವರ ಹಣ ಅತಿ ಹೆಚ್ಚು ಪೋಲಾಗುವುದು ಇಲ್ಲಿಯೇ, ಆದ್ದರಿಂದ ಕಾರಣವನ್ನು ವಿವರವಾಗಿ ಹೇಳಬೇಕು.

ಜಾವಾದ ಕ್ರ್ಯಾಂಕ್‌ಕೇಸ್, ಅಂದರೆ ಪಿಸ್ಟನ್ನಿನ ಕೆಳಗೆ ಕ್ರ್ಯಾಂಕ್ ತಿರುಗುವ ಪೆಟ್ಟಿಗೆ, ಲಂಬವಾಗಿ ಎರಡು ಹೋಳಾಗುತ್ತದೆ. ಕ್ರ್ಯಾಂಕಿನ ಬೇರಿಂಗುಗಳು ಕೂರುವ ಗುಳಿಗಳನ್ನೂ ಬ್ಲಾಕ್ (ಸಿಲಿಂಡರ್) ಕೂರುವ ಮೇಲ್ಮೈಯನ್ನೂ ಜೋಡಿಯಾಗಿಯೇ ಮಾಡಿರುತ್ತಾರೆ. ಬೇರೆ ಜೋಡಿಯ ಹೋಳುಗಳನ್ನು ಬಿಗಿದಾಗ ಬೋಲ್ಟುಗಳು ಸಲೀಸಾಗಿ ಕೂರಬಹುದು, ಹೊರಗಿನಿಂದ ನೋಡಿದರೆ ಏನೂ ತಿಳಿಯದಿರಬಹುದು. ಆದರೆ ಬ್ಲಾಕ್ ಕೂರುವ ಜಾಗದಲ್ಲಿ, ಎರಡು ಹೋಳುಗಳು ಕೂಡುವ ಗೆರೆಯ ಮೇಲೆ ಉಗುರನ್ನು ಅಡ್ಡಲಾಗಿ ಎಳೆದು ನೋಡಿ. ಉಗುರು ಎಲ್ಲಿಯಾದರೂ ತಡೆದರೆ ಅಲ್ಲೊಂದು ಮೆಟ್ಟಿಲಿದೆ ಎಂದರ್ಥ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್‌ಕೇಸಿನೊಳಗೆ ಬಂದು, ಪಿಸ್ಟನ್ ಇಳಿಯುವಾಗ ಅಲ್ಲಿ ಒತ್ತಡಕ್ಕೊಳಗಾಗಿ, ಆಮೇಲೆ ಮೇಲಕ್ಕೆ ಹೋಗುತ್ತದೆ. ಆ ಮೆಟ್ಟಿಲಿನ ಪಕ್ಕದ ಸಣ್ಣ ಸಂದಿಯಿಂದ ಒತ್ತಡ ಸೋರಿದರೆ ಬೈಕ್ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಐಡ್ಲಿಂಗ್ ಸ್ಥಿರವಾಗಿರುವುದಿಲ್ಲ. ಜೊತೆಗೆ ಎರಡು ಬದಿಯ ಬೇರಿಂಗುಗಳು ಒಂದೇ ಸಾಲಿನಲ್ಲಿರದಿದ್ದರೆ ಕ್ರ್ಯಾಂಕ್ ಬಿಗಿಯಾಗಿ ತಿರುಗಿ, ಹೊಸ ಬೇರಿಂಗೂ ಬೇಗನೆ ಸದ್ದು ಮಾಡತೊಡಗುತ್ತದೆ. ಮೇಲಿನ ಪ್ಯಾಕಿಂಗನ್ನು ದಪ್ಪ ಮಾಡುವುದರಿಂದ, ಗಮ್ ಸುರಿಯುವುದರಿಂದ ಇದು ಸರಿಹೋಗದು.

ಒಂದೇ ಜೋಡಿಯ ಹೋಳುಗಳು ಸಿಕ್ಕಾಗಲೂ ಅಂಚುಗಳನ್ನು ಪರೀಕ್ಷಿಸಿ. ಹಿಂದೆ ಯಾರಾದರೂ ಸ್ಕ್ರೂಡ್ರೈವರ್ ತೂರಿಸಿ ಬೇರ್ಪಡಿಸಿದ್ದರೆ ಮುಖದ ಮೇಲೆ ಗಾಯಗಳಿರುತ್ತವೆ. ಚೈನು ತುಂಡಾಗಿ ಸುತ್ತಿಕೊಂಡ ಎಂಜಿನ್ನುಗಳಲ್ಲಿ ಮುಂದಿನ ಸ್ಪ್ರಾಕೆಟ್ ಬಳಿ ಅಲ್ಯೂಮಿನಿಯಂ ಒಡೆದಿರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಬಿರುಕು ಪತ್ತೆ ಮಾಡುವ ಬಣ್ಣದ ಸ್ಪ್ರೇ ಹೊಡೆದರೆ ಕಣ್ಣಿಗೆ ಕಾಣದ ಗೆರೆಗಳು ಕಾಣುತ್ತವೆ. ಸಣ್ಣ ಬಿರುಕನ್ನು ಆರ್ಗನ್ ವೆಲ್ಡಿಂಗಿನಿಂದ ಮುಚ್ಚಿಸಬಹುದು. ಬೇರಿಂಗ್ ಗುಳಿಗೆ ತಾಗಿದ ಬಿರುಕಿದ್ದರೆ ಆ ಕೇಸನ್ನು ಬಿಟ್ಟುಬಿಡಿ.

ಕ್ರ್ಯಾಂಕ್, ಬೇರಿಂಗ್, ಆಯಿಲ್ ಸೀಲುಗಳಲ್ಲಿ ಹಳೆಯದನ್ನು ಉಳಿಸಿಕೊಳ್ಳಬಹುದೇ?

ಕ್ರ್ಯಾಂಕಿನ ಎರಡು ತಟ್ಟೆಗಳನ್ನು ಉಳಿಸಿಕೊಳ್ಳಬಹುದು. ಕನೆಕ್ಟಿಂಗ್ ರಾಡ್, ಕ್ರ್ಯಾಂಕ್ ಪಿನ್, ಬೇರಿಂಗ್‌ಗಳನ್ನು ಹೊಸದಾಗಿಯೇ ಹಾಕಬೇಕು. ಈ ಕ್ರ್ಯಾಂಕ್ ಪ್ರೆಸ್ಸಿನಲ್ಲಿ ಒತ್ತಿ ಜೋಡಿಸುವಂಥದ್ದು. ಜೋಡಿಸಿದ ಮೇಲೆ ಲೇತಿನ ಎರಡು ಸೆಂಟರುಗಳ ನಡುವೆ ಹಿಡಿದು, ಡಯಲ್ ಗೇಜ್ ಇಟ್ಟು ತಿರುಗಿಸಿ, ಓಲಾಟ 0.05 ಮಿ.ಮೀ.ಗಿಂತ ಕಡಿಮೆಯಾಗುವವರೆಗೆ ತಾಮ್ರದ ಸುತ್ತಿಗೆಯಿಂದ ತಟ್ಟಿ ಸರಿಪಡಿಸಬೇಕು. ಈ ಕೆಲಸ ಬಲ್ಲ ಲೇತಿನವರು ನಿಮ್ಮ ಊರಿನಲ್ಲಿ ಇಲ್ಲದಿದ್ದರೆ ಬೇರೆ ಊರಿಗಾದರೂ ಕೊಂಡೊಯ್ಯಿರಿ.

ಸೀಲುಗಳನ್ನು ಎಷ್ಟೇ ಚೆನ್ನಾಗಿ ಕಂಡರೂ ಬದಲಿಸಿ. ಎಡಬದಿಯ ಸೀಲು ಹಳತಾಗಿದ್ದರೆ ಎಂಜಿನ್ ಕ್ಲಚ್ ಬದಿಯ ಗೇರ್ ಆಯಿಲನ್ನು ಹೀರಿಕೊಳ್ಳುತ್ತದೆ. ಸೈಲೆನ್ಸರುಗಳಿಂದ ದಟ್ಟ ಬಿಳಿ ಹೊಗೆ ಬರುತ್ತದೆ, ಗೇರ್ ಆಯಿಲ್ ತಾನಾಗಿ ಕಡಿಮೆಯಾಗುತ್ತದೆ. ಇದು ಕಣ್ಣಿಗೆ ಕಾಣುವ ತೊಂದರೆಯಾದ್ದರಿಂದ ಬೇಗ ಪತ್ತೆಯಾಗುತ್ತದೆ. ಬಲಬದಿಯ, ಅಂದರೆ ಡೈನಮೋ ಕಡೆಯ ಸೀಲು ಹೋಗಿದ್ದರೆ ಅಲ್ಲಿಂದ ಬರಿ ಗಾಳಿ ಒಳಸೇರುತ್ತದೆ. ಮಿಶ್ರಣದಲ್ಲಿ ಪೆಟ್ರೋಲೂ ಅದರೊಂದಿಗೆ ಬರುವ ಆಯಿಲೂ ಕಡಿಮೆಯಾಗಿ, ಎಂಜಿನ್ ಕಾದು, ವೇಗದಲ್ಲಿ ಹೋಗುತ್ತಿರುವಾಗಲೇ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಹಿಂದಿನ ಚಕ್ರ ತಟ್ಟನೆ ನಿಂತು ಸವಾರ ಬೀಳುವ ಅಪಾಯವಿರುವುದರಿಂದ ಇದು ಪ್ರಾಣದ ಪ್ರಶ್ನೆ.

ಎಂಜಿನ್ ಜೋಡಿಸಿದ ಮೇಲೆ, ಚಾಸಿಗೆ ಏರಿಸುವ ಮೊದಲು ಕಾರ್ಬುರೇಟರಿನ ಬಾಯಿ ಮತ್ತು ಎರಡು ಸೈಲೆನ್ಸರ್ ಬಾಯಿಗಳನ್ನು ರಬ್ಬರಿನಿಂದ ಮುಚ್ಚಿ, ಪ್ಲಗ್ ರಂಧ್ರದ ಮೂಲಕ ಕೈಪಂಪಿನಿಂದ ಸುಮಾರು 6 ಪಿಎಸ್‌ಐ ಗಾಳಿ ತುಂಬಿ. ಒತ್ತಡದ ಗೇಜಿನ ಮುಳ್ಳು ಕೆಲವು ನಿಮಿಷ ನಿಂತಲ್ಲೇ ನಿಲ್ಲಬೇಕು. ಇಳಿದರೆ ಸೋಪಿನ ನೀರು ಬಳಿದು ಗುಳ್ಳೆ ಎಲ್ಲಿ ಏಳುತ್ತದೆಂದು ನೋಡಿ.

ಬ್ಲಾಕ್ ಬೋರ್ ಮಾಡಿಸುವಾಗ, ಅಂದರೆ ಸವೆದ ಸಿಲಿಂಡರನ್ನು ಕೊರೆದು ಅಗಲಿಸುವಾಗ, ಏನನ್ನು ಗಮನಿಸಬೇಕು?

ಮೊದಲು ಪಿಸ್ಟನ್ ಕೊಂಡು, ಆಮೇಲೆ ಆ ಪಿಸ್ಟನ್ನನ್ನೇ ಲೇತಿನವರ ಕೈಗೆ ಕೊಟ್ಟು ಅದರ ಅಳತೆಗೆ ಬೋರ್ ಮಾಡಿಸಬೇಕು. ಪಿಸ್ಟನ್ನುಗಳು ಸಾಮಾನ್ಯವಾಗಿ 0.25 ಮಿ.ಮೀ. ಅಂತರದ ಓವರ್‌ಸೈಜುಗಳಲ್ಲಿ ಬರುತ್ತವೆ. ಸಿಗುವ ಬ್ಲಾಕ್ ಈಗಾಗಲೇ ಎಷ್ಟು ಬಾರಿ ಬೋರ್ ಆಗಿದೆ ಎಂಬುದನ್ನು ಕೊಳ್ಳುವಾಗಲೇ ಅಳೆಯಿರಿ. ಕೊನೆಯ ಅಳತೆ ಮುಟ್ಟಿದ ಬ್ಲಾಕಿಗೆ ಹೊಸ ಲೈನರ್ ಹಾಕಿಸಬೇಕಾಗುತ್ತದೆ.

ಬೋರ್ ಆದ ಮೇಲೆ ಪೋರ್ಟುಗಳ (ಬ್ಲಾಕಿನ ಗೋಡೆಯಲ್ಲಿರುವ ಕಿಂಡಿಗಳ) ಅಂಚು ಕತ್ತಿಯಲಗಿನಂತೆ ಹರಿತವಾಗಿರುತ್ತದೆ. ಅದನ್ನು ಸಣ್ಣ ಅರದಿಂದ ಅಥವಾ ಎಣ್ಣೆಗಲ್ಲಿನಿಂದ ಸುತ್ತಲೂ ಮುರಿಯದೆ ಬ್ಲಾಕ್ ಕೂರಿಸಿದರೆ ರಿಂಗ್ ಸಿಕ್ಕಿಕೊಂಡು ತುಂಡಾಗುತ್ತದೆ. ಪಿಸ್ಟನ್ನಿನಲ್ಲಿ ರಿಂಗ್ ಕೂರುವ ತೋಡಿನಲ್ಲಿ ಸಣ್ಣ ಮೊಳೆಯಿದೆ. ರಿಂಗಿನ ಎರಡು ತುದಿಗಳು ಆ ಮೊಳೆಯ ಆಚೀಚೆ ಕೂತಿವೆಯೆಂದು ಬೆರಳಿನಿಂದ ಮುಟ್ಟಿ ಖಚಿತಪಡಿಸಿಕೊಂಡೇ ಬ್ಲಾಕ್ ಇಳಿಸಿ. ಪಿಸ್ಟನ್ ಪಿನ್ನಿನ ಲಾಕುಗಳನ್ನು ಒಮ್ಮೆ ತೆಗೆದರೆ ಮತ್ತೆ ಬಳಸಬಾರದು.

ಬುಲೆಟ್, ರಾಜದೂತ್ ಮುಂತಾದ ಬೇರೆ ಬೈಕುಗಳ ಭಾಗಗಳನ್ನು ಹಾಕಬಹುದೇ?

ಹೆಡ್‌ಲೈಟ್, ಕನ್ನಡಿ, ಹಿಡಿಕೆಗಳಂಥವನ್ನು ಹಾಕಬಹುದು. ಬೋಲ್ಟು, ನಟ್ಟುಗಳಲ್ಲಿ ಎಚ್ಚರ ಬೇಕು. ಜಾವಾದ ಥ್ರೆಡ್ ಮೆಟ್ರಿಕ್ ಪದ್ಧತಿಯದು. ಹಳೆಯ ಬುಲೆಟ್ಟಿನದು ವಿಟ್‌ವರ್ತ್ ಮತ್ತು ಅದರ ಬಳಗದ ಬ್ರಿಟಿಷ್ ಪದ್ಧತಿಯದು. ಒಂದರ ಬೋಲ್ಟು ಇನ್ನೊಂದರೊಳಗೆ ಎರಡು ಸುತ್ತು ಹೋದಂತೆ ಮಾಡಿ, ಮೂರನೆಯ ಸುತ್ತಿನಲ್ಲಿ ಥ್ರೆಡ್ಡನ್ನು ಕೆಡಿಸುತ್ತದೆ. ಗುಜರಿಯಿಂದ ತಂದ ಬೋಲ್ಟುಗಳ ರಾಶಿಯನ್ನು ಥ್ರೆಡ್ ಗೇಜಿನಿಂದ ಬೇರ್ಪಡಿಸಿ, ಬೇರೆ ಬೇರೆ ಡಬ್ಬಗಳಲ್ಲಿ ಇಡಿ. ಫೋರ್ಕು, ಚಕ್ರದ ಆಕ್ಸಲ್, ಬ್ರೇಕು ಇವುಗಳಲ್ಲಿ ಬೆರಕೆ ಬೇಡವೇ ಬೇಡ.

ಜಾವಾ, ಯೆಜ್ಡಿಗಳ ನಡುವೆಯೂ ಎಲ್ಲವೂ ಅದಲುಬದಲಾಗುವುದಿಲ್ಲ. 1970ರ ದಶಕದಲ್ಲಿ ಯೆಜ್ಡಿ ಎಂಬ ಹೆಸರು ಬಂದ ಮೇಲೆ ಹಂತಹಂತವಾಗಿ ಟ್ಯಾಂಕ್, ಫೋರ್ಕ್, ಕಾರ್ಬುರೇಟರ್, ಎಂಜಿನ್ನಿನ ಒಳಭಾಗಗಳು ಬದಲಾದವು. ಯೆಜ್ಡಿಯ ರೋಡ್‌ಕಿಂಗ್ ಮಾದರಿಯ ಎಂಜಿನ್ ಭಾಗಗಳನ್ನು ಮೊದಲ ಜಾವಾದ ಭಾಗಗಳೆಂದು ಮಾರುವವರಿದ್ದಾರೆ. ನಿಮ್ಮ ಹಳೆಯ ಭಾಗವನ್ನು ಜೊತೆಯಲ್ಲಿ ಕೊಂಡೊಯ್ದು, ಪಕ್ಕಪಕ್ಕದಲ್ಲಿಟ್ಟು ನೋಡಿ ಕೊಳ್ಳುವುದೇ ಸರಿಯಾದ ಕ್ರಮ.

ಕಿಕ್ಕರ್ ಜಾರುತ್ತದೆ. ಗೇರ್ ಬಾಕ್ಸ್ ಬಿಚ್ಚಬೇಕೇ?

ಹಳೆಯ ಜಾವಾದಲ್ಲಿ ಕಿಕ್ಕರೂ ಗೇರ್ ಪೆಡಲೂ ಒಂದೇ. ಎಡಬದಿಯ ಆ ಪೆಡಲನ್ನು ಎಂಜಿನ್ನಿನ ಕಡೆಗೆ ಒತ್ತಿ ಮೇಲೆತ್ತಿದರೆ ಅದೇ ಕಿಕ್ಕರ್ ಆಗುತ್ತದೆ. ಮೊದಲು ಪೆಡಲ್ ಮತ್ತು ಅದರ ಶಾಫ್ಟಿನ ಹಲ್ಲುಗಳು ಸವೆದಿವೆಯೇ ನೋಡಿ. ಅವು ಸರಿಯಾಗಿದ್ದು, ಒತ್ತಿದರೂ ಒಳಗೆ ಹಿಡಿತ ಸಿಗದಿದ್ದರೆ ಎಡಗಡೆಯ ಕವರ್ ಬಿಚ್ಚಿ ಕಿಕ್ಕರಿನ ರ‍್ಯಾಚೆಟ್ ಹಲ್ಲು ಮತ್ತು ಸ್ಪ್ರಿಂಗುಗಳನ್ನು ಪರೀಕ್ಷಿಸಬೇಕು. ಈ ಮಾದರಿಯಲ್ಲಿ ಗೇರ್ ಪೆಡಲ್ ಒತ್ತಿದಾಗ ಕ್ಲಚ್ ಕೂಡ ತಾನಾಗಿಯೇ ಬಿಡುವ ಏರ್ಪಾಟಿದೆ. ಅದರ ಹೊಂದಾಣಿಕೆ ತಪ್ಪಿದ್ದರೆ ಕ್ಲಚ್ ಪೂರ್ತಿ ಹಿಡಿಯದೆ ಕಿಕ್ಕರ್ ಜಾರಿದಂತೆಯೇ ಅನಿಸುತ್ತದೆ. ಆದ್ದರಿಂದ ಒಳಗನ್ನು ಬಿಚ್ಚುವ ಮುನ್ನ ಈ ಹೊಂದಾಣಿಕೆಯನ್ನು ಸರಿಪಡಿಸಿ ನೋಡಿ.

6 ವೋಲ್ಟಿನ ವ್ಯವಸ್ಥೆಯನ್ನು 12 ವೋಲ್ಟಿಗೆ ಬದಲಿಸಬೇಕೇ?

ಡೈನಮೋ ಚೆನ್ನಾಗಿದ್ದು, ನೀವು ಹಗಲಲ್ಲೇ ಹೆಚ್ಚು ಓಡಿಸುವವರಾದರೆ 6 ವೋಲ್ಟ್ ಸಾಕು. ಬಹುಪಾಲು ದೂರುಗಳ ಮೂಲ ಹಳೆಯ ವೈರಿಂಗ್ ಮತ್ತು ಸರಿಯಾಗಿ ಕೂರದ ಅರ್ತ್ ಸಂಪರ್ಕ. ಹೊಸದಾಗಿ ಪೌಡರ್ ಕೋಟಿಂಗ್ ಆದ ಚಾಸಿಯಲ್ಲಿ ಅರ್ತ್ ಬೋಲ್ಟಿನ ಕೆಳಗಿನ ಕೋಟಿಂಗನ್ನು ಕೆರೆದು ಲೋಹ ಕಾಣುವಂತೆ ಮಾಡದಿದ್ದರೆ ದೀಪ ಮಿಣುಕುತ್ತದೆ, ಸ್ಪಾರ್ಕ್ ಬಲಹೀನವಾಗುತ್ತದೆ. 12 ವೋಲ್ಟಿನ ಎಲೆಕ್ಟ್ರಾನಿಕ್ ಇಗ್ನಿಷನ್ ಸೆಟ್ಟುಗಳು ಜಾವಾಕ್ಕೆಂದೇ ದೊರೆಯುತ್ತವೆ. ರಾತ್ರಿ ಹೆದ್ದಾರಿಯಲ್ಲಿ ಓಡಿಸುವವರಿಗೆ ಅದು ಒಳ್ಳೆಯ ಆಯ್ಕೆ. ಆಗ ಬಲ್ಬು, ಹಾರ್ನು, ಕಾಯಿಲ್, ಬ್ಯಾಟರಿ ಎಲ್ಲವನ್ನೂ ಬದಲಿಸಬೇಕು. ತೆಗೆದ ಡೈನಮೋವನ್ನು ಮಾತ್ರ ಮಾರಬೇಡಿ.

ಟೈಮಿಂಗ್ (ಸ್ಪಾರ್ಕ್ ಬರುವ ಕ್ಷಣ) ಇಡುವುದು ಹೇಗೆ?

ಸ್ಪಾರ್ಕಿಗಾಗಿ ತೆರೆದು ಮುಚ್ಚುವ ಪಾಯಿಂಟಿನ ಗ್ಯಾಪನ್ನು ಮೊದಲು 0.4 ಮಿ.ಮೀ.ಗೆ ಹೊಂದಿಸಿ, ಆಮೇಲೆ ಟೈಮಿಂಗ್ ನೋಡಬೇಕು. ಕ್ರಮ ತಿರುವಾದರೆ ಗ್ಯಾಪ್ ಹೊಂದಿಸುವಾಗ ಟೈಮಿಂಗ್ ಮತ್ತೆ ಬದಲಾಗುತ್ತದೆ. ಪ್ಲಗ್ ರಂಧ್ರದೊಳಗೆ ಡೆಪ್ತ್ ಗೇಜ್ ಇಟ್ಟು ಪಿಸ್ಟನ್ನಿನ ತುದಿಬಿಂದುವನ್ನು ಗುರುತಿಸಿ. ಅಲ್ಲಿಂದ ನಿಮ್ಮ ಮಾದರಿಯ ಕೈಪಿಡಿ ಹೇಳುವಷ್ಟು ಮಿಲಿಮೀಟರ್ ಹಿಂದಕ್ಕೆ ತಿರುಗಿಸಿ. ಪಾಯಿಂಟಿನ ಎರಡು ತುದಿಗೆ ಸಣ್ಣ 6 ವೋಲ್ಟ್ ಬಲ್ಬ್ ಜೋಡಿಸಿ ಇಗ್ನಿಷನ್ ಆನ್ ಮಾಡಿದರೆ, ಪಾಯಿಂಟ್ ತೆರೆದ ಕ್ಷಣಕ್ಕೆ ಬಲ್ಬ್ ಹೊತ್ತಿಕೊಳ್ಳುತ್ತದೆ. ಆ ಕ್ಷಣ ಮತ್ತು ಪಿಸ್ಟನ್ನಿನ ಸ್ಥಾನ ಒಂದಾಗುವವರೆಗೆ ತಟ್ಟೆಯನ್ನು ಸರಿಸಿ ಬಿಗಿಯಿರಿ.

ಟ್ಯಾಂಕಿನೊಳಗೆ ತುಕ್ಕು ಹಿಡಿದಿದೆ. ಸರಿಮಾಡಬಹುದೇ?

ಮೇಲ್ಮೈಯ ತುಕ್ಕಾದರೆ ಖಂಡಿತ ಮಾಡಬಹುದು. ನಿಂಬೆ ಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ ತುಂಬಿ, ಒಂದು ದಿನ ಬಿಟ್ಟು, ಚೆಲ್ಲಿ, ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ತೊಳೆದು, ತಕ್ಷಣ ಬಿಸಿಗಾಳಿಯಿಂದ ಒಣಗಿಸಿ, ಒಳಗೆ 2ಟಿ ಆಯಿಲ್ (ಎರಡು ಸ್ಟ್ರೋಕಿನ ಎಂಜಿನ್ನಿನ ಆಯಿಲ್) ಬೆರೆಸಿದ ಪೆಟ್ರೋಲ್ ಹಾಕಿ ಅಲ್ಲಾಡಿಸಿ. ಒಣಗಿಸುವುದು ತಡವಾದರೆ ಕಣ್ಣೆದುರೇ ಮತ್ತೆ ಕೆಂಪಾಗುತ್ತದೆ. ತೂತು ಬಿದ್ದಿದ್ದರೆ ಬೆಸುಗೆ ಬೇಕು. ಪೆಟ್ರೋಲ್ ಖಾಲಿಯಾಗಿ ಎಷ್ಟು ಕಾಲವಾಗಿದ್ದರೂ ಟ್ಯಾಂಕಿನಲ್ಲಿ ಆವಿ ಉಳಿದಿರುತ್ತದೆ. ಪೂರ್ತಿ ತೊಳೆಯದೆ ಅದರ ಹತ್ತಿರ ಬೆಂಕಿ ಹಿಡಿಯಲು ಯಾರಿಗೂ ಬಿಡಬೇಡಿ.

ಬಣ್ಣ ಮತ್ತು ಕ್ರೋಮ್ ಯಾವಾಗ ಮಾಡಿಸಬೇಕು?

ಇಡೀ ಬೈಕನ್ನು ಬಣ್ಣವಿಲ್ಲದೆ ಒಮ್ಮೆ ಪೂರ್ತಿ ಜೋಡಿಸಿ, ಚಕ್ರಗಳ ಎರಡು ಬದಿಗೂ ದಾರ ಎಳೆದು ಚಾಸಿ ನೇರವಾಗಿದೆಯೇ ನೋಡಿ, ಪ್ರತಿ ಬ್ರಾಕೆಟ್ಟೂ ತನ್ನ ರಂಧ್ರಕ್ಕೆ ಕೂರುತ್ತದೆಂದು ಖಚಿತವಾದ ಮೇಲೆಯೇ ಬಿಚ್ಚಿ ಬಣ್ಣಕ್ಕೆ ಕಳಿಸಬೇಕು. ಬಣ್ಣವಾದ ಮಡ್‌ಗಾರ್ಡಿಗೆ ಡ್ರಿಲ್ ಹಾಕುವ ಸಂಕಟ ಯಾರಿಗೂ ಬೇಡ. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಒಣಗಾಗಿ ಉಜ್ಜದೆ ನೀರು ಹಾಕಿ ಉಜ್ಜಿ, ಮಾಸ್ಕ್ ಧರಿಸಿ.

ಕ್ರೋಮಿನ ಹೊಳಪು ಕೆಳಗಿನ ನಿಕಲ್ ಪದರ ಮತ್ತು ಪಾಲಿಷಿನ ಮೇಲೆ ನಿಂತಿರುತ್ತದೆ. ಅಗ್ಗದ ಪ್ಲೇಟಿಂಗ್ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಚುಕ್ಕಿ ಬೀಳುತ್ತದೆ. ಮಾಡುವುದಾದರೆ ತಾಮ್ರ, ನಿಕಲ್, ಕ್ರೋಮ್ ಮೂರೂ ಪದರ ಹಾಕುವವರಿಗೇ ಕೊಡಿ. ಸ್ಪ್ರಿಂಗುಗಳನ್ನೂ ಹೆಚ್ಚು ಬಲದ ಬೋಲ್ಟುಗಳನ್ನೂ ಪ್ಲೇಟಿಂಗಿಗೆ ಹಾಕಿದರೆ ಅವು ಪೆಡಸಾಗಿ ಮುರಿಯುವ ಸಾಧ್ಯತೆಯಿದೆ. ನನ್ನ ಮಟ್ಟಿಗೆ, ಟ್ಯಾಂಕಿನ ಮೂಲ ಕ್ರೋಮ್ ಅಲ್ಲಲ್ಲಿ ಮಾಸಿದ್ದರೂ ಹಾಗೆಯೇ ಉಳಿದಿರುವುದು ಹೊಸ ಹೊಳಪಿಗಿಂತ ಬೆಲೆಯುಳ್ಳದ್ದು.

ಸೈಲೆನ್ಸರಿನ ಒಳಗಿನ ಬ್ಯಾಫಲ್ (ಸದ್ದು ತಗ್ಗಿಸುವ ಭಾಗ) ತೆಗೆದರೆ ಬೈಕಿನ ಶಕ್ತಿ ಹೆಚ್ಚುತ್ತದೆಯೇ?

ಹೆಚ್ಚುವುದಿಲ್ಲ. ಎರಡು ಸ್ಟ್ರೋಕಿನಲ್ಲಿ ಸೈಲೆನ್ಸರಿನೊಳಗಿನ ಒತ್ತಡದ ಅಲೆಗಳು ಹೊಸ ಮಿಶ್ರಣ ಹೊರಗೆ ಓಡಿಹೋಗದಂತೆ ತಡೆಯುವ ಕೆಲಸ ಮಾಡುತ್ತವೆ. ಬ್ಯಾಫಲ್ ತೆಗೆದರೆ ಸದ್ದು ಹೆಚ್ಚಿ, ಕೆಳವೇಗದ ಎಳೆತ ಕಡಿಮೆಯಾಗುತ್ತದೆ. ಬದಲಿಗೆ ಅದರಲ್ಲಿ ಕಟ್ಟಿಕೊಂಡ ಕಾರ್ಬನ್ ತೆಗೆದು ಶುಚಿಗೊಳಿಸಿ. ಜಾವಾದ ಆ ಜೋಡಿ ಸೈಲೆನ್ಸರುಗಳ ದನಿ ಮೂಲದಲ್ಲಿ ಹೇಗಿತ್ತೋ ಹಾಗೆ ಕೇಳಿಸುವಂತೆ ಮಾಡುವುದೇ ದೊಡ್ಡ ಕೆಲಸ.

ಬ್ರೇಕು, ಟೈರುಗಳಲ್ಲಿ ಉಳಿತಾಯ ಮಾಡಬಹುದೇ?

ಇಲ್ಲ. ಟೈರು, ಟ್ಯೂಬು, ಬ್ರೇಕ್ ಲೈನರ್, ಎಲ್ಲ ಕೇಬಲ್ಲುಗಳು, ಚೈನು ಹೊಸದಾಗಿಯೇ ಇರಬೇಕು. ಹಳೆಯ ಬ್ರೇಕ್ ಶೂಗಳ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದಾದ್ದರಿಂದ ಡ್ರಮ್ಮಿನ ಧೂಳನ್ನು ಏರ್ ಹೊಡೆದು ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಈಗಿನ ಇ20 (ಶೇ 20ರಷ್ಟು ಎಥೆನಾಲ್ ಬೆರೆತ) ಪೆಟ್ರೋಲಿನಿಂದ ತೊಂದರೆಯಿದೆಯೇ? 2ಟಿ ಆಯಿಲ್ ಎಷ್ಟು ಹಾಕಬೇಕು?

ಎಥೆನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಗಾಳಿಯ ತೇವವನ್ನು ಹೀರುತ್ತದೆ, ಟ್ಯಾಂಕಿನೊಳಗೆ ಹಿಂದೆ ಬಳಿದ ಲೇಪವಿದ್ದರೆ ಅದನ್ನು ಸಡಿಲಿಸುತ್ತದೆ. ಪೆಟ್ರೋಲ್ ಪೈಪು, ಟ್ಯಾಪಿನ ವಾಷರು, ಕಾರ್ಬುರೇಟರಿನ ಸೀಲುಗಳನ್ನು ಎಥೆನಾಲ್ ತಡೆಯುವಂಥ ವಸ್ತುವಿನವಕ್ಕೆ ಬದಲಿಸಿ. ಬೈಕನ್ನು ವಾರಗಟ್ಟಲೆ ನಿಲ್ಲಿಸುವಾಗ ಕಾರ್ಬುರೇಟರನ್ನು ಖಾಲಿ ಮಾಡಿ. ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ ಮಿಶ್ರಣ ಸ್ವಲ್ಪ ತೆಳುವಾಗುವುದರಿಂದ ಪ್ಲಗ್ಗಿನ ಬಣ್ಣವನ್ನು ನೋಡಿ ಕಾರ್ಬುರೇಟರಿನ ಮೇನ್ ಜೆಟ್ಟನ್ನು (ಪೆಟ್ರೋಲ್ ಹಾಯುವ ಕಿರುರಂಧ್ರ) ಒಂದು ಅಳತೆ ದೊಡ್ಡದು ಮಾಡಬೇಕಾಗಬಹುದು. ಪ್ಲಗ್ ಬೆಳ್ಳಗಿದ್ದರೆ ಅಪಾಯ, ಕಂದು ಬಣ್ಣವಿದ್ದರೆ ಸರಿ.

ಹೊಸದಾಗಿ ಬೋರ್ ಆದ ಎಂಜಿನ್ನಿಗೆ ಲೀಟರಿಗೆ 50 ಮಿ.ಲೀ., ಹೊಂದಿಕೊಂಡ ಮೇಲೆ 40 ಮಿ.ಲೀ. ಸುರಕ್ಷಿತ ಪ್ರಮಾಣ. ಹೊಗೆ ಕಡಿಮೆ ಮಾಡಲೆಂದು ಇದಕ್ಕಿಂತ ಕೆಳಗಿಳಿಸುವವರು ಕ್ರ್ಯಾಂಕಿನ ಬೇರಿಂಗಿಗೂ ಇದೇ ಆಯಿಲ್ ಆಧಾರವೆಂಬುದನ್ನು ನೆನಪಿಡಬೇಕು.

ಮೊದಲ ಬಾರಿ ಸ್ಟಾರ್ಟ್ ಆದ ಮೇಲೆ ಎಷ್ಟು ದೂರ ನಿಧಾನವಾಗಿ ಓಡಿಸಬೇಕು?

ಕನಿಷ್ಠ ಮೊದಲ 500 ಕಿ.ಮೀ. ಥ್ರಾಟಲ್ಲನ್ನು ಅರ್ಧಕ್ಕಿಂತ ಹೆಚ್ಚು ತಿರುಗಿಸದೆ, ಒಂದೇ ವೇಗದಲ್ಲಿ ದೀರ್ಘಕಾಲ ಹಿಡಿಯದೆ, ಘಾಟಿ ಏರಿಸದೆ ಓಡಿಸಿ. ನಡುನಡುವೆ ನಿಲ್ಲಿಸಿ ತಣಿಯಲು ಬಿಡಿ. ಇಳಿಜಾರಿನಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿಸಬೇಡಿ, ಆಗ ಎಂಜಿನ್ನಿಗೆ ಪೆಟ್ರೋಲಿನೊಂದಿಗೆ ಹೋಗುವ ಆಯಿಲೂ ನಿಲ್ಲುತ್ತದೆ. ಮೊದಲ ಓಟದ ನಂತರ ಹೆಡ್ ಬೋಲ್ಟುಗಳನ್ನು ಎಂಜಿನ್ ತಣ್ಣಗಿರುವಾಗ ಮತ್ತೆ ಬಿಗಿಯಿರಿ, ಗೇರ್ ಆಯಿಲ್ ಬದಲಿಸಿ, ಡ್ರೇನಿನಲ್ಲಿ ಬಂದ ಲೋಹದ ಚೂರುಗಳನ್ನು ಗಮನಿಸಿ.

ಕೆಲಸದ ದಾಖಲೆ ಇಡಬೇಕೇ?

ಇಡಲೇಬೇಕು. ಕಾರ್ಖಾನೆಯ ಬೈಕಿಗೆ ಕೈಪಿಡಿ ಇರುತ್ತದೆ. ಹಲವು ಬೈಕುಗಳ ಭಾಗಗಳಿಂದ ಕಟ್ಟಿದ್ದಕ್ಕೆ ನೀವು ಬರೆದದ್ದೇ ಕೈಪಿಡಿ. ಬ್ಲಾಕಿನ ಈಗಿನ ಬೋರ್ ಅಳತೆ, ಪಿಸ್ಟನ್ನಿನ ಓವರ್‌ಸೈಜ್, ಬೇರಿಂಗ್ ಮತ್ತು ಸೀಲುಗಳ ಸಂಖ್ಯೆ, ಜೆಟ್ಟಿನ ಅಳತೆ, ಯಾವ ಭಾಗ ಯಾವ ವರ್ಷದ ಯಾವ ಮಾದರಿಯದು, ಖರೀದಿಯ ರಸೀದಿಗಳು ಇವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದು ಅಂಟಿಸಿಡಿ. ಚಾಸಿ ಮತ್ತು ಎಂಜಿನ್ ಸಂಖ್ಯೆಗಳ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚನ್ನು, ಬಣ್ಣ ಮಾಡಿಸುವ ಮೊದಲಿನ ಫೋಟೊಗಳೊಂದಿಗೆ ಅದೇ ಪುಸ್ತಕದಲ್ಲಿಡಿ. ಆರ್‌ಸಿ ನವೀಕರಣದ ತಪಾಸಣೆಗೆ ಹೋದಾಗ ಬಣ್ಣದಡಿ ಮಸುಕಾದ ಅಂಕಿಗಳ ಬಗ್ಗೆ ಅನುಮಾನ ಬಂದರೆ ಅಧಿಕಾರಿಗಳ ಮುಂದಿಡಲು ಅದೊಂದು ಆಧಾರವಾಗುತ್ತದೆ.